ಚೆಕ್ಕು ಕೊಟ್ಟು ಬಂದ ಮೇಲೆ

ಈ ಉಪನ್ಯಾಸ ಮಾಲೆಯಲ್ಲಿ ಸಂಘದವರು ನನಗೆ ಕೊಟ್ಟ ವಿಷಯ ದಾನ. ದಾನದ ಮಹಿಮೆ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ, ಅದನ್ನು ಅವರಿಗೇ ಬಿಡುತ್ತೇನೆ. ಒಂದು ಮನೆ ಊಹಿಸಿಕೊಳ್ಳಿ: ಅಪ್ಪ ಅಮ್ಮ ಇಬ್ಬರೂ ಇಲ್ಲ, ಹದಿನಾರರ ಅಕ್ಕ ತಮ್ಮತಂಗಿಯರನ್ನು ಸಾಕುತ್ತಿದ್ದಾಳೆ. ಅಂಥ ಮನೆಗೆ ನೆರವು ಕೊಟ್ಟವರು ಹತ್ತು ವರ್ಷ ಬಿಟ್ಟು ಮತ್ತೆ ಹೋದರೆ ಏನು ಕಂಡೀತು? ಇವತ್ತಿನ ಮಾತು ಇಷ್ಟೇ.

ಮೊದಲ ಭೇಟಿ ನಮಗೆಲ್ಲ ಗೊತ್ತು. ಪತ್ರಿಕೆಯಲ್ಲಿ ಸುದ್ದಿ, ಅಕ್ಕಿ ಮೂಟೆ, ಹೊಲಿಗೆ ಯಂತ್ರ, ಚೆಕ್ಕು, ಫೋಟೊ. ಇದನ್ನು ನಾನು ಹಗುರ ಮಾಡುತ್ತಿಲ್ಲ. ಆ ತಿಂಗಳು ಒಲೆ ಹೊತ್ತುವುದು ಆ ಅಕ್ಕಿಯಿಂದಲೇ. ಆದರೆ ಎರಡನೆಯ ಭೇಟಿ ಅಪರೂಪ.

ಲೆಕ್ಕವಿಟ್ಟು ಹಾಗೆ ಮತ್ತೆ ಹೋದವರು ಟಾಂಜಾನಿಯದಲ್ಲಿ ಸಿಗುತ್ತಾರೆ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದ ಕಾಗೇರಾ, ಬಾಳೆ ಮತ್ತು ಕಾಫಿಯ ಸೀಮೆ. ಆ ದೇಶದ ಮೊದಲ ಏಡ್ಸ್ ಪ್ರಕರಣಗಳು 1983ರಲ್ಲಿ ವರದಿಯಾದದ್ದು ಅಲ್ಲಿಂದಲೇ. 1991ರಿಂದ 94ರವರೆಗೆ ಸಂಶೋಧಕರು ಅಲ್ಲಿನ 900ಕ್ಕೂ ಹೆಚ್ಚು ಮನೆಗಳ ಸ್ಥಿತಿಗತಿ ಬರೆದುಕೊಂಡಿದ್ದರು. 2004ರಲ್ಲಿ ಅದೇ ಜನರನ್ನು ಹುಡುಕಿಕೊಂಡು ಹೊರಟರು. ಊರು ಬಿಟ್ಟವರನ್ನೂ ಬಿಡಲಿಲ್ಲ, ಉಗಾಂಡದವರೆಗೂ ಹೋದರು. ಮೊದಲ ಸಲ ತಂದೆತಾಯಿ ಇಬ್ಬರೂ ಇದ್ದ 718 ಮಕ್ಕಳು ಈಗ ಬೆಳೆದು ದೊಡ್ಡವರಾಗಿ ಎದುರು ಕೂತರು. ಅವರಲ್ಲಿ ನೂರಕ್ಕೆ 19 ಮಂದಿ 15 ತುಂಬುವ ಮೊದಲೇ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡಿದ್ದರು, ಕೆಲವರು ಇಬ್ಬರನ್ನೂ. ಸಂಶೋಧಕಿ ಕ್ಯಾಥ್ಲೀನ್ ಬೀಗಲ್ ಮತ್ತು ಸಂಗಡಿಗರು ಈ ಲೆಕ್ಕ ಬಿಡಿಸಿದಾಗ ಕಂಡದ್ದು: ತಾಯಿ ತೀರಿಕೊಂಡವರು ಎತ್ತರದಲ್ಲಿ ಸುಮಾರು 2 ಸೆಂಟಿಮೀಟರ್, ಓದಿನಲ್ಲಿ ಸುಮಾರು 1 ವರ್ಷ ಹಿಂದೆ ಬಿದ್ದಿದ್ದರು. ಆಮೇಲೂ ಅದು ತುಂಬಿ ಬರಲಿಲ್ಲ.

ಎರಡು ಸೆಂಟಿಮೀಟರ್ ಅಂದರೆ ಹೆಬ್ಬೆರಳಿನ ಅಗಲ. ವೇದಿಕೆಯ ಫೋಟೊದಲ್ಲಿ ಅದು ಕಾಣುವುದಿಲ್ಲ. ಈ ಅಧ್ಯಯನ ದಾನವನ್ನು ಅಳೆಯಲು ಹೊರಟದ್ದಲ್ಲ, ಅಕ್ಕಂದಿರು ನಡೆಸುವ ಮನೆಗಳದ್ದೇ ಕಥೆಯೂ ಅಲ್ಲ. ಆದರೂ ಆ ಒಂದು ವರ್ಷದ ಓದು ನನ್ನನ್ನು ಕಾಡುತ್ತದೆ. ಮನೆಯಲ್ಲಿ ಮೂವರಿದ್ದರೆ ಮೊದಲು ಶಾಲೆ ಬಿಡುವವರು ಯಾರು? ನಮ್ಮ ನೆರವೆಲ್ಲ ಚಿಕ್ಕವರ ಪುಸ್ತಕ, ಸಮವಸ್ತ್ರಕ್ಕೆ ಹೋಗುತ್ತದೆ. ದೊಡ್ಡವಳಿಗೆ ಸಿಗುವುದು ಹೊಗಳಿಕೆ. ‘ತಾಯಿಯಂಥ ಅಕ್ಕ’ ಎಂದು ಹೊಗಳಿದ ಮೇಲೆ ಅವಳೂ ಇನ್ನೂ ಹುಡುಗಿ ಎಂಬುದನ್ನು ಮರೆಯುವುದು ಸುಲಭ.

ಮಗುವೇ ಮನೆ ನಡೆಸುವ ಈ ಸ್ಥಿತಿಯನ್ನು ದಕ್ಷಿಣ ಆಫ್ರಿಕ ಕಾನೂನಿನಲ್ಲೇ ಎದುರಿಸಿತು. ಅಲ್ಲಿನ 2005ರ ಮಕ್ಕಳ ಕಾಯ್ದೆಯ 137ನೆಯ ಕಲಮು, ನೋಡಿಕೊಳ್ಳುವ ಹಿರಿಯರು ಯಾರೂ ಇಲ್ಲದಿದ್ದರೆ 16 ದಾಟಿದ ಮಗುವೇ ನಡೆಸುವ ಸಂಸಾರವನ್ನು ಸಂಸಾರವೆಂದು ಒಪ್ಪುತ್ತದೆ. ಮೇಲ್ವಿಚಾರಣೆಗೆ ಒಬ್ಬ ವಯಸ್ಕರು ಇರಬೇಕು, ಸರ್ಕಾರದ ಹಣವನ್ನು ಅವರು ನಿರ್ವಹಿಸಬಹುದು. ಆದರೆ ಮನೆ ನಡೆಸುವ ಆ ಮಗುವನ್ನು ಕೇಳದೆ ಮನೆಯ ಬಗ್ಗೆ ಅವರು ತೀರ್ಮಾನ ಮಾಡುವ ಹಾಗಿಲ್ಲ. ನನಗೆ ಈ ಕೊನೆಯ ಷರತ್ತು ಬಹಳ ಹಿಡಿಸಿತು.

ನಮ್ಮ 2015ರ ಬಾಲನ್ಯಾಯ ಕಾಯ್ದೆಯ ಕಣ್ಣಿಗೆ ಆ ಅಕ್ಕನೂ ಪೋಷಣೆ, ರಕ್ಷಣೆ ಬೇಕಾದ ಮಗು. ತಪ್ಪೇನಲ್ಲ, ಮಗುವಿನ ತಲೆಯ ಮೇಲೆ ಸಂಸಾರ ಹೊರಿಸುವುದನ್ನು ಕಾನೂನು ಯಾಕೆ ಒಪ್ಪಬೇಕು? ತೊಡಕು ಬರುವುದು ಮುಂದೆ. ಹತ್ತಿರದ ಬಂಧುಗಳು ಯಾರೂ ಮುಂದೆ ಬರದಿದ್ದರೆ ಅವಳು ಬಾಲಕಿಯರ ಬಾಲಮಂದಿರಕ್ಕೆ, ಹನ್ನೆರಡರ ತಮ್ಮ ಬಾಲಕರ ಬಾಲಮಂದಿರಕ್ಕೆ, ನಾಲ್ಕರ ಪುಟ್ಟಿ ಶಿಶುಮಂದಿರಕ್ಕೆ ಹೋಗಬೇಕಾದೀತು. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಒಂದೇ ತಟ್ಟೆಯಲ್ಲಿ ಉಂಡವರು ಮೂರು ಕಡೆ ಆಗುವ ಭಯಕ್ಕೇ ಎಷ್ಟೋ ಅಕ್ಕಂದಿರು ಅಧಿಕಾರಿಗಳು ಬಂದರೆ ‘ಅಜ್ಜಿ ಇದ್ದಾರೆ’ ಎನ್ನುತ್ತಾರೆ ಎಂದು ನನ್ನ ಊಹೆ.

ಸರ್ಕಾರದ ಹಣ ಕೈಸೇರುವ ಹೊತ್ತೂ ಒಂದು ತೊಡಕು. ಕೋವಿಡ್‌ನಿಂದ ಅನಾಥರಾದ ಮಕ್ಕಳ ಯೋಜನೆಗಳನ್ನೇ ನೋಡಿ. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಪ್ರಕಟಿಸಿತು: ಅನಾಥ ಮಗುವಿನ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿ, ಹೆಣ್ಣುಮಕ್ಕಳಿಗೆ 21 ತುಂಬಿದಾಗ 1 ಲಕ್ಷ. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23 ತುಂಬಿದಾಗ 10 ಲಕ್ಷ. ಒಳ್ಳೆಯದೇ. ಆಗ 16 ಆಗಿದ್ದ ಹುಡುಗಿಗೆ 2028ಕ್ಕೆ 23. ಆ ನಡುವಿನ ವರ್ಷಗಳಲ್ಲೇ ಅವಳ ಪಿಯುಸಿ, ತಮ್ಮನ ಎಸ್ಸೆಸ್ಸೆಲ್ಸಿ, ಮದುವೆಯಾಗೆಂಬ ನೆಂಟರ ಒತ್ತಾಯ ಎಲ್ಲ ಬಂದು ಹೋಗುತ್ತವೆ.

ಇನ್ನು ಆಸ್ತಿ. 1994ರ ನರಮೇಧದ ನಂತರ ರುವಾಂಡದಲ್ಲಿ ಎಷ್ಟೋ ಹುಡುಗಿಯರು ಮನೆ ನಡೆಸಿದರು, ಜಮೀನು ಮಾತ್ರ ರೂಢಿಯಂತೆ ಗಂಡುಮಕ್ಕಳದು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದದ್ದು 1999ರಲ್ಲಿ. ನಮ್ಮಲ್ಲಿ ಹಕ್ಕು ಕಾನೂನಿನಲ್ಲಿದೆ, ಆದರೆ ತಾಲ್ಲೂಕು ಕಚೇರಿಗೆ ಓಡಾಡುವವರು ಯಾರು?

ಆದ್ದರಿಂದ ಈ ಸಭೆಯಲ್ಲಿ ಯಾರಾದರೂ ಅಂಥ ಮನೆಗೆ ನೆರವಾಗಿದ್ದರೆ, ದಯವಿಟ್ಟು ಕ್ಯಾಮೆರಾ ಇಲ್ಲದೆ ಮತ್ತೊಮ್ಮೆ ಹೋಗಿ. ಹೋದವರು ಚಿಕ್ಕವರ ಅಂಕಪಟ್ಟಿ ಕೇಳುವುದು ವಾಡಿಕೆ. ಅದಕ್ಕೆ ಮೊದಲು ದೊಡ್ಡವಳನ್ನು ಕೇಳಿ: ಓದು ಎಲ್ಲಿಗೆ ನಿಂತಿತು, ಮತ್ತೆ ಸೇರುವ ಮನಸ್ಸಿದೆಯೇ, ಅವಳು ಕಾಲೇಜಿಗೆ ಹೋದರೆ ಮನೆಯಲ್ಲಿ ಯಾರಿರುತ್ತಾರೆ, ಅಪ್ಪನ ಹೆಸರಲ್ಲಿದ್ದ ಮನೆ ಜಮೀನಿಗೆ ಪೌತಿ ಖಾತೆ ಆಯಿತೇ, ಆಗಿದ್ದರೆ ಪಹಣಿಯಲ್ಲಿ ಯಾರ್ಯಾರ ಹೆಸರಿದೆ?