ವಾಯಿದೆ ಯಾರಿಗೆ ಸಿಗುತ್ತದೆ?

(ಸಿರಿಗೇರಿಯಲ್ಲಿ ಅಕ್ಕಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



2025ರ ಅಕ್ಟೋಬರಿನಲ್ಲಿ ಕಿರಾಣಿ ಅಂಗಡಿಯವರೊಬ್ಬರು ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಹೆಂಡತಿಗೆ ಆಪರೇಷನ್ ಆಗಿ ತಿಂಗಳೆಲ್ಲ ಬಳ್ಳಾರಿ ಆಸ್ಪತ್ರೆಯಲ್ಲೇ ಇದ್ದೆ. ಆದಾಯ ತೆರಿಗೆ ರಿಟರ್ನಿನ ತಾರೀಖು ದಾಟಿಹೋಯಿತು. ಒಂದು ಅರ್ಜಿ ಬರೆದುಕೊಡ್ರಿ, ವಾಯಿದೆ ಕೇಳೋಣ" ಎಂದರು. ಅರ್ಜಿ ಬರೆಯುವುದು ನನಗೆ ಹೊಸದಲ್ಲ. ಆದರೆ ಯಾರಿಗೆ ಬರೆಯುವುದು?

ಹಿಂದೆ ಹೀಗಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆಂದೇ 6ನೇ ನಮೂನೆಯ ಅರ್ಜಿಯಿತ್ತು. ಕಾರಣ ಬರೆದುಕೊಟ್ಟರೆ ಆದಾಯ ತೆರಿಗೆ ಅಧಿಕಾರಿಯೇ ಗಡುವನ್ನು ಮುಂದೂಡಬಹುದಾಗಿತ್ತು. ಬಡ್ಡಿ ತೆರಬೇಕಾಗುತ್ತಿತ್ತು, ನಿಜ. ಆದರೂ ಕಾರಣ ಕೇಳುವ ಒಬ್ಬ ಮನುಷ್ಯ ಮೇಜಿನ ಆಚೆ ಕುಳಿತಿದ್ದ. 1989ರ ಏಪ್ರಿಲ್ 1ರಿಂದ ಆ ಅಧಿಕಾರ ಹೋಯಿತು. ನಾನು ಶಾಲೆಯಲ್ಲಿದ್ದಾಗ ತಡವಾಗಿ ಬಂದ ಹುಡುಗನನ್ನು ಮೊದಲು "ಯಾಕಪ್ಪಾ?" ಎಂದು ಕೇಳುತ್ತಿದ್ದೆ. ಈ ಕಾಯ್ದೆ ಅಷ್ಟೂ ಕೇಳುವುದಿಲ್ಲ.

ಈಗ ವಾಯಿದೆ ಬಂದರೆ ದೆಹಲಿಯ ಕೇಂದ್ರ ನೇರ ತೆರಿಗೆ ಮಂಡಳಿಯಿಂದ, ಎಲ್ಲರಿಗೂ ಒಟ್ಟಿಗೆ. 2025ರಲ್ಲಿ ನಮೂನೆಗಳನ್ನು ಬಹಳ ಬದಲಿಸಿದ್ದೇವೆ, ಸಿದ್ಧತೆಗೆ ಕಾಲ ಬೇಕು ಎಂದು ಮಂಡಳಿಯೇ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಒಯ್ದಿತು. ಕೊನೆಗೆ ಮತ್ತೊಂದು ದಿನ ಕೊಟ್ಟಿತು, ಒಂದೇ ದಿನ! ಸರ್ಕಾರಕ್ಕೆ ತಡವಾದರೆ ನಲವತ್ತಾರು ದಿನ. ಅಂಗಡಿಯವನ ಮನೆಯಲ್ಲಿ ಕಾಯಿಲೆಯಾದರೆ ಏನೂ ಇಲ್ಲ.

ಲೆಕ್ಕ ತಪಾಸಣೆಗೆ ಒಳಪಡುವ ದೊಡ್ಡ ವರ್ತಕರ ಮಾತೇ ಬೇರೆ. ಅವರ ಲೆಕ್ಕ ನೋಡುವ ಆಡಿಟರುಗಳ ಸಂಘಗಳು ಅದೇ ವರ್ಷ ಹೈಕೋರ್ಟುಗಳಿಗೆ ಹೋದವು. ನಮ್ಮ ಕರ್ನಾಟಕ ಹೈಕೋರ್ಟಿಗೂ ಹೋದವು. ತಪಾಸಣಾ ವರದಿಯ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ, ಆಮೇಲೆ ನವೆಂಬರ್ 10ಕ್ಕೆ ಸರಿಯಿತು. ಅವರ ರಿಟರ್ನಿಗೆ ಡಿಸೆಂಬರ್ 10ರ ತನಕ ಕಾಲ ಸಿಕ್ಕಿತು. ನಾನು ಅದನ್ನು ತಪ್ಪೆನ್ನುವುದಿಲ್ಲ. ನಮ್ಮ ಕಿರಾಣಿಯವರ ಪರವಾಗಿ ಯಾರು ಹೋಗಿದ್ದರು ಎಂದಷ್ಟೇ ಕೇಳುತ್ತೇನೆ.

ಗಡುವು ದಾಟಿತೆಂದು ಕೈಕಟ್ಟಿ ಕೂರಬೇಡಿ. ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಹಾಕಬಹುದು. ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ, ಮೀರಿದ್ದರೆ 5,000. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಹಣಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ. ಆ ವರ್ಷದ ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯುವಂತಿಲ್ಲ. ಹಳೆಯ ಪದ್ಧತಿಯಲ್ಲಿ ಎಲ್‌ಐಸಿ, ಪ್ರಾವಿಡೆಂಟ್ ಫಂಡ್ ತೋರಿಸಿ ವಿನಾಯಿತಿ ಪಡೆಯುವ ಸಂಬಳದವರಿಗೆ ಆ ಪದ್ಧತಿಯೂ ಸಿಗುವುದಿಲ್ಲ. ನಮ್ಮ ಕಿರಾಣಿಯವರು ನವೆಂಬರಿನಲ್ಲಿ 1,000 ರೂಪಾಯಿ ತೆತ್ತು ಕೆಲಸ ಮುಗಿಸಿದರು.

ಹಮಾಲಿ ಗುತ್ತಿಗೆ ಹಿಡಿಯುವ ಅಣ್ಣಂದಿರು ಇಲ್ಲಿ ಕೇಳಬೇಕು. ನಾಲ್ಕು ಲಕ್ಷದ ಬಿಲ್ಲಿನಲ್ಲಿ ನೂರಕ್ಕೆ ಒಂದರಂತೆ 4,000 ರೂಪಾಯಿ ಹಿಡಿದುಕೊಂಡಿರುತ್ತಾರೆ. ನಿಮಗೆ ತೆರಿಗೆಯೇ ಬೀಳದಿದ್ದರೆ ಅದು ನಿಮ್ಮ ಹಣ. ಆದರೆ ರಿಟರ್ನ್ ಹಾಕದೆ ವಾಪಸು ಬರುವುದಿಲ್ಲ. ಡಿಸೆಂಬರ್ ಕೂಡ ದಾಟಿದ್ದರೆ, 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ತೆರಿಗೆ ನಿರ್ಧರಣಾ ವರ್ಷ ಮುಗಿದು ಐದು ವರ್ಷದೊಳಗೆ ತಡವನ್ನು ಮನ್ನಿಸಿರೆಂದು ಅರ್ಜಿ ಕೊಡಬಹುದು. ಒಂದು ಕೋಟಿಯ ತನಕದ ಹಕ್ಕಿಗೆ ಪ್ರಧಾನ ಕಮಿಷನರೇ ತೀರ್ಮಾನಿಸುತ್ತಾರೆ. ಅಲ್ಲಿ ಕಾರಣ ಕೇಳುತ್ತಾರೆ, ಆಧಾರವನ್ನೂ ಕೇಳುತ್ತಾರೆ. ಆದ್ದರಿಂದ ಆಸ್ಪತ್ರೆಯ ಚೀಟಿ, ಗಿರಣಿಯ ಬಿಲ್ಲು ಯಾವುದನ್ನೂ ಎಸೆಯಬೇಡಿ.

ಸಭೆ ಮುಗಿದ ಮೇಲೆ ನಾನು ಇಲ್ಲೇ ಕೂತಿರುತ್ತೇನೆ. ಕಾಗದ ತಂದವರು ಬನ್ನಿ, ಈ ಅರ್ಜಿಯನ್ನು ಬರೆದುಕೊಡುತ್ತೇನೆ.