ಒಂದೇ ದಾರಿ, ಬೇರೆ ಬೇರೆ ಬುತ್ತಿ

(ನಮ್ಮ ಸಹವಾಸದ ತಿಂಗಳ ಕೂಟದಲ್ಲಿ ತೋಟದ ಕುಟುಂಬಗಳ ಮುಂದೆ ಮಾಡಿದ ಭಾಷಣ)



ವಾರವೆಲ್ಲಾ ಇಳಿಜಾರಿನಲ್ಲಿ ನಿಂತು ಎಲೆ ಕಿತ್ತು, ಮೂಟೆ ಹೊತ್ತು, ತೂಕದ ಜಾಗಕ್ಕೆ ನಡೆದು ದಣಿದಿರುವ ನಮಗೆ ಆಟದ ಪಂದ್ಯದ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದೂ ಮಾಂಸವಿರಲಿ, ಹಾಲು ಮೊಸರನ್ನೂ ಬಿಟ್ಟವರು ಈಜಿ, ಸೈಕಲ್ ತುಳಿದು, ಓಡುವ ಪಂದ್ಯದ ಮಾತು! ಆದರೆ ಇದರಲ್ಲಿ ನಮ್ಮ ಲೈನುಗಳಿಗೆ ಸೇರಿದ ಎರಡು ಸಂಗತಿಗಳಿವೆ. ದುಡಿಯುವ ದೇಹಕ್ಕೆ ಸಲ್ಲಬೇಕಾದ ಊಟ ಒಂದು. ಒಬ್ಬನ ತಟ್ಟೆಯನ್ನು ನೋಡಿ ಇನ್ನೊಬ್ಬನು ಅವನ ಬೆಲೆ ಕಟ್ಟುವ ಕೆಟ್ಟ ರೂಢಿ ಇನ್ನೊಂದು. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ಮೊದಲು ಆ ಪಂದ್ಯವೇನೆಂದು ತಿಳಿಯೋಣ. ಅದರ ಹೆಸರು ಟ್ರಯತ್ಲಾನ್. ಒಬ್ಬನೇ ಮನುಷ್ಯನು ಮೊದಲು ಈಜಬೇಕು, ನೀರಿನಿಂದ ಎದ್ದು ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ನಡುವೆ ವಿಶ್ರಾಂತಿಯಿಲ್ಲ, ಬಟ್ಟೆ, ಬೂಟು ಬದಲಾಯಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಒಲಿಂಪಿಕ್ ಅಳತೆಯಲ್ಲಿ ಈಜು ಒಂದೂವರೆ ಕಿಲೋಮೀಟರ್, ಸೈಕಲ್ 40, ಓಟ 10. ಇದರ ಅರ್ಧದ ಚಿಕ್ಕ ಪಂದ್ಯವೂ ಉಂಟು: ಈಜು 750 ಮೀಟರ್, ಸೈಕಲ್ 20 ಕಿಲೋಮೀಟರ್, ಓಟ 5. ಊರಿನವರು ಸೇರಿ ನಡೆಸುವ ಸ್ನೇಹದ ಪಂದ್ಯಗಳು ಸಾಮಾನ್ಯವಾಗಿ ಈ ಚಿಕ್ಕ ಅಳತೆಯವು. ಇದಕ್ಕಿಂತ ಚಿಕ್ಕವೂ ಇವೆ. ಮೂರನ್ನೂ ಒಬ್ಬರೇ ಮಾಡಲಾರದವರು ಮೂವರು ಸೇರಿಕೊಂಡು ಒಬ್ಬರು ಈಜಿ, ಒಬ್ಬರು ಸೈಕಲ್ ತುಳಿದು, ಒಬ್ಬರು ಓಡುವುದಕ್ಕೂ ಅನೇಕ ಕಡೆ ಅವಕಾಶವುಂಟು.

ಈ ಆಟ ಹುಟ್ಟಿದ ರೀತಿಯೂ ಕೇಳತಕ್ಕದ್ದು. ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಓಟಗಾರರ ಸಂಘದಲ್ಲಿದ್ದ ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶನಹನ್ ಎಂಬ ಇಬ್ಬರು 1974ರ ಸೆಪ್ಟೆಂಬರ್ 25ರಂದು ಮಿಷನ್ ಬೇ ಎಂಬಲ್ಲಿ ಇದನ್ನು ಮೊದಲು ನಡೆಸಿದರು. ಅದು ಬುಧವಾರದ ಸಂಜೆ. ಬಂದವರು 46 ಮಂದಿ. ನೀರಿನಲ್ಲಿದ್ದ ಕೊನೆಯವರು ದಡ ಸೇರುವಷ್ಟರಲ್ಲಿ ಕತ್ತಲಾಯಿತು. ಆಗ ಕಾರುಗಳನ್ನು ತಂದು ನಿಲ್ಲಿಸಿ ಅವುಗಳ ದೀಪ ಹಾಕಿ ದಾರಿ ತೋರಿಸಿದರು. ಗೆದ್ದವರಿಗೆ ಬಹುಮಾನ ಕೊಟ್ಟು ಮನೆಗೆ ಹೋಗಿಬಿಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ಹಿಂದೆ ಉಳಿದವನಿಗೂ ಬೆಳಕು ಬೇಕು ಎಂದು ಯಾರಿಗೋ ತೋಚಿತು. ಅಲ್ಲಿ ಓಡಿದ್ದ ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ಎಂಬ ದಂಪತಿಗಳು ಮುಂದೆ 1978ರಲ್ಲಿ ಹವಾಯಿ ದ್ವೀಪದಲ್ಲಿ ಅತಿ ಉದ್ದದ ಪಂದ್ಯವನ್ನು ಏರ್ಪಡಿಸಿದರು. ಹೊರಟವರು 15 ಮಂದಿ, ಮುಗಿಸಿದವರು 12. 2000ನೇ ಇಸವಿಯಲ್ಲಿ ಸಿಡ್ನಿಯಲ್ಲಿ ಈ ಆಟವು ಒಲಿಂಪಿಕ್ಸಿಗೂ ಸೇರಿತು.

ಇನ್ನು ವೀಗನ್ ಎಂಬ ಮಾತು. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ತುಪ್ಪ, ಜೇನು ಮೊದಲಾಗಿ ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನದೆ ಇರುವವರನ್ನು ಹೀಗೆ ಕರೆಯುತ್ತಾರೆ. ಇದು ಇಂಗ್ಲೆಂಡಿನಲ್ಲಿ 1944ರಲ್ಲಿ ಹುಟ್ಟಿದ ಹೆಸರು. ಅದನ್ನು ಚಲಾವಣೆಗೆ ತಂದ ಡೊನಾಲ್ಡ್ ವಾಟ್ಸನ್ ಎಂಬವರು ದೊಡ್ಡ ಪಂಡಿತರಲ್ಲ. 14ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಬಡಗಿ ಕೆಲಸ ಕಲಿತು, ಆಮೇಲೆ ಮಕ್ಕಳಿಗೆ ಮರಗೆಲಸ ಕಲಿಸುವ ಮೇಷ್ಟರಾದವರು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಹೊಲದ ಮನೆಯಲ್ಲಿ ಹಂದಿ ಕೊಯ್ಯುವುದನ್ನು ಕಂಡು, ಅದರ ಕೂಗು ಮನಸ್ಸಿನಿಂದ ಹೋಗದೆ ಮಾಂಸ ಬಿಟ್ಟವರು. ತಮ್ಮ ವಿಚಾರವನ್ನು ಕೆಲವೇ ಪುಟಗಳ ಪತ್ರಿಕೆಯಾಗಿ ತಾವೇ ಸಿದ್ಧಪಡಿಸಿ ಹಂಚಿದರು. ಅವರು 2005ರಲ್ಲಿ ತೀರಿಕೊಂಡಾಗ 95 ವರ್ಷವಾಗಿತ್ತು. ಚಿಕ್ಕ ಪತ್ರಿಕೆಯ ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮಂಥವರಿಗೆ ಇದೊಂದು ಧೈರ್ಯ.

ಇಂಥವರು ಪಂದ್ಯಕ್ಕೆ ಯಾಕೆ ಹೋಗುತ್ತಾರೆ? ಮಾಂಸವಿಲ್ಲದೆ, ಹಾಲಿಲ್ಲದೆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಅವರನ್ನು ಕೇಳುತ್ತಾರೆ. ವಾದ ಮಾಡುವುದಕ್ಕಿಂತ ಗೆರೆ ಮುಟ್ಟಿ ತೋರಿಸುವುದೇ ಲೇಸೆಂದು ಅವರಿಗೆ ಕಂಡಿತು. ಬ್ರಿಟನ್ನಿನಲ್ಲಿ 2004ರಲ್ಲಿ ವೀಗನ್ ರನ್ನರ್ಸ್ ಎಂಬ ಓಟಗಾರರ ಸಂಘವೇ ಹುಟ್ಟಿತು. ಅದರ ಹೆಸರಿರುವ ಬನಿಯನ್ ತೊಟ್ಟು ಸಾಮಾನ್ಯ ಜನರು ಎಲ್ಲರ ನಡುವೆ ಓಡುತ್ತಾರೆ. ಅವರಲ್ಲಿ ಹೆಚ್ಚಿನವರು ಪದಕಕ್ಕಾಗಿ ಬಂದವರಲ್ಲ. ಮುಂದೆ ಹೋದವನು ಮೊಟ್ಟೆ ತಿಂದು ಬಂದವನಾಗಿರಬಹುದು, ಹಿಂದೆ ಬರುವವಳು ಬೇಳೆ ತಿಂದವಳಾಗಿರಬಹುದು. ದಾರಿ ಒಂದೇ, ಬುತ್ತಿ ಬೇರೆ. ಬಿದ್ದವನನ್ನು ಎತ್ತುವಾಗ ಬೆಳಿಗ್ಗೆ ಏನು ತಿಂದೆ ಎಂದು ಯಾರೂ ಕೇಳುವುದಿಲ್ಲ.

ಪ್ರಿಯರೇ, ಈ ಮಾತನ್ನು ನಮ್ಮ ಲೈನಿನ ಅಡಿಗೆಮನೆಗೆ ತಂದು ನೋಡೋಣ. ತಿಂಗಳ ಕೊನೆಯ ವಾರ ನಮ್ಮ ಒಲೆಯ ಮೇಲೆ ಏನಿರುತ್ತದೆ? ರಾಗಿ ಅಥವಾ ಅನ್ನ, ಹುರುಳಿ ಸಾರು, ಸೊಪ್ಪು, ಹಾಲಿಲ್ಲದ ಟೀ. ಆ ವಾರ ನಾವೂ ವೀಗನರೇ! ಆದರೆ ಬಿಟ್ಟದ್ದಕ್ಕೂ ಸಿಕ್ಕದ್ದಕ್ಕೂ ಬಹಳ ವ್ಯತ್ಯಾಸವಿದೆ. ಅವರು ಅಂಗಡಿಯಲ್ಲಿರುವ ಹಾಲನ್ನು ತಮ್ಮ ಮನಸ್ಸಾಕ್ಷಿಗಾಗಿ ಬಿಟ್ಟರು. ನಮ್ಮ ಮಗುವಿಗೆ ಹಾಲು ಸಿಗದಿದ್ದುದು ಕೂಲಿ ಸಾಲದೆ. ಬಡವನ ಕೊರತೆಯನ್ನು ವ್ರತವೆಂದು ಹೊಗಳುವುದು ಸರಿಯಲ್ಲ. ಸಾಲುವಷ್ಟು ಕೂಲಿ ಕೇಳುವುದು ನಮ್ಮ ಹಕ್ಕು. ಏನು ತಿನ್ನಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅದರ ನಂತರದ್ದು.

ಹಾಗೆಂದು ನಮ್ಮ ಹುರುಳಿ ರಾಗಿಯನ್ನು ಕೀಳೆಂದು ಎಣಿಸುವುದೂ ಬೇಡ. ಮೂರು ಗಂಟೆ ಹೊತ್ತು ದೇಹವನ್ನು ಓಡಿಸುವುದಕ್ಕೆ ಬೇಕಾದ ಕಾವು ಮುಖ್ಯವಾಗಿ ಧಾನ್ಯ, ಗೆಡ್ಡೆ, ಹಣ್ಣುಗಳಿಂದಲೇ ಬರುತ್ತದೆ; ಪಂದ್ಯದವರು ದಾರಿಯಲ್ಲಿ ಬಾಳೆಹಣ್ಣು ತಿನ್ನುವುದು ಅದಕ್ಕಾಗಿಯೇ. ಸವೆದ ಸ್ನಾಯುವನ್ನು ಕಟ್ಟುವ ಸತ್ವ ಹುರುಳಿ, ಅವರೆ, ಕಡಲೆ, ನೆಲಗಡಲೆಗಳಲ್ಲಿ ಧಾರಾಳವಾಗಿದೆ. ನೂರು ಗ್ರಾಂ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣಾಂಶವಿದ್ದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಅಂಗಡಿಯ ಬಿಳಿ ಅಕ್ಕಿಗಾಗಿ ರಾಗಿ ಮುದ್ದೆಯನ್ನು ನಾಚಿಕೆಯಿಂದ ಬಿಟ್ಟ ಮನೆಗಳು ಇದನ್ನು ಮತ್ತೊಮ್ಮೆ ಆಲೋಚಿಸಲಿ.

ಆದರೆ ಇಲ್ಲಿ ಎಚ್ಚರಿಕೆಯ ಮಾತುಗಳೂ ಇವೆ. ವಿಟಮಿನ್ ಬಿ12 ಎಂಬ ಒಂದು ಅಂಶವು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿದೆ. ಸೊಪ್ಪು ಕಾಳಿನಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ. ಅದು ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತು, ಮರೆವು, ರಕ್ತಹೀನತೆ ಬರುತ್ತವೆ. ತಿಳಿದ ವೀಗನರು ಇದಕ್ಕೆಂದೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದುದರಿಂದ ನಮ್ಮ ಯೌವನಸ್ಥರು ಯಾರಾದರೂ ಹಾಲು ಮಾಂಸ ಎರಡನ್ನೂ ಬಿಡುವುದಾದರೆ ವೈದ್ಯರನ್ನು ಕೇಳದೆ ಬಿಡಬಾರದು. ಬಸುರಿಯರೂ ಹಾಲೂಡುವ ತಾಯಂದಿರೂ ಚಿಕ್ಕ ಮಕ್ಕಳೂ ಅಂತೂ ಕೇಳದೆ ಏನನ್ನೂ ಬಿಡಬಾರದು.

ಎರಡನೆಯದು ರಕ್ತದ ಮಾತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ನಾವು ಕೀಳುವ ಈ ಟೀ ಎಲೆಗೂ ಅದಕ್ಕೂ ಒಂದು ಸಂಬಂಧವಿದೆ. ಊಟದ ಜೊತೆಯಲ್ಲೇ ಟೀ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಊಟವಾಗಿ ಒಂದು ಗಂಟೆ ಕಳೆದ ಮೇಲೆ ಟೀ ಕುಡಿಯಿರಿ. ಊಟದ ಜೊತೆ ನಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಇಟ್ಟುಕೊಳ್ಳಿರಿ, ಅವು ಕಬ್ಬಿಣಾಂಶ ಹತ್ತುವುದಕ್ಕೆ ಸಹಾಯ ಮಾಡುತ್ತವೆ. ಇನ್ನೊಂದು ಮಾತನ್ನು ಗಂಡಸರು ಕೇಳಲಿ. ಎಲ್ಲರಿಗೂ ಬಡಿಸಿ, ತಪ್ಪಲೆಯ ತಳದಲ್ಲಿ ಉಳಿದದ್ದನ್ನು ತಿನ್ನುವ ಹೆಂಗಸು ಮರುದಿನ ನಮ್ಮಷ್ಟೇ ಗುಡ್ಡ ಹತ್ತುತ್ತಾಳೆ. ಸಾರಿನ ತಿಳಿ ಆಕೆಗೆ, ಕಾಳು ನಮಗೆ ಎಂಬ ಲೆಕ್ಕ ಇನ್ನು ನಿಲ್ಲಬೇಕು. ಮನೆಯವರೆಲ್ಲಾ ಒಟ್ಟಿಗೆ ಕೂತು ಉಣ್ಣುವುದಕ್ಕೆ ಯಾವ ಖರ್ಚೂ ಇಲ್ಲ.

ಮೂರನೆಯದು ರೋಗಿಗಳ ವಿಷಯ. ಹವಾಯಿಯಲ್ಲಿದ್ದ ರೂತ್ ಹೈಡ್ರಿಕ್ ಎಂಬ ಹೆಂಗಸಿಗೆ 1982ರಲ್ಲಿ, 47ನೇ ವಯಸ್ಸಿನಲ್ಲಿ, ಸ್ತನದ ಕ್ಯಾನ್ಸರ್ ಕಂಡಿತು. ಆಕೆ ವೀಗನ್ ಊಟಕ್ಕೆ ತಿರುಗಿದರು. ಮುಂದೆ ಆ ಅತಿ ಉದ್ದದ ಟ್ರಯತ್ಲಾನನ್ನೂ ಮುಗಿಸಿದರು: 3.8 ಕಿಲೋಮೀಟರ್ ಈಜು, 180 ಸೈಕಲ್, 42 ಓಟ. ಆಕೆಯ ಧೈರ್ಯ ದೊಡ್ಡದು. ಆದರೆ ಆಕೆಗೆ ಶಸ್ತ್ರಚಿಕಿತ್ಸೆಯೂ ಆಗಿತ್ತೆಂಬುದನ್ನು ಮರೆಯಬಾರದು. ಸೊಪ್ಪು ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆಂದು ಹೇಳಿ ಯಾರಾದರೂ ನಿಮ್ಮನ್ನು ಆಸ್ಪತ್ರೆಯಿಂದ ಹಿಂದಕ್ಕೆ ಕರೆದರೆ ಅವರ ಮಾತಿಗೆ ಕಿವಿಗೊಡಬೇಡಿರಿ. ಒಳ್ಳೆಯ ಊಟ ಬೇಕು, ಚಿಕಿತ್ಸೆಯೂ ಬೇಕು.

ಈಗ ಸತ್ಯವೇದವು ಏನು ಹೇಳುತ್ತದೆಂದು ನೋಡೋಣ. ದಾನಿಯೇಲನೂ ಅವನ ಸಂಗಡಿಗರೂ ಪರದೇಶಕ್ಕೆ ಸೆರೆಯಾಗಿ ಹೋದವರು, ಇನ್ನೊಬ್ಬನ ಅರಮನೆಯಲ್ಲಿ ಕೆಲಸಕ್ಕೆ ನಿಂತವರು. ಅರಸನ ಭೋಜನ ಬೇಡ, ಕಾಯಿಪಲ್ಯ ಮತ್ತು ನೀರು ಸಾಕು, ಹತ್ತು ದಿನ ಪರೀಕ್ಷಿಸಿ ನೋಡು ಎಂದು ಮೇಲ್ವಿಚಾರಕನನ್ನು ವಿನಯದಿಂದ ಕೇಳಿಕೊಂಡರು. ಹತ್ತು ದಿನವಾದ ಮೇಲೆ ಅವರ ಮುಖವೇ ಸಾಕ್ಷಿಯಾಯಿತು. ದಾನಿಯೇಲನು ತನ್ನ ಮನಸ್ಸಾಕ್ಷಿಯನ್ನು ಕಾಪಾಡಿಕೊಂಡನು, ಆದರೆ ಬೇರೆಯವರ ತಟ್ಟೆಯನ್ನು ಕಿತ್ತುಕೊಳ್ಳಲಿಲ್ಲ.

ಅದೇ ಸತ್ಯವೇದದಲ್ಲಿ ಎದ್ದುಬಂದ ಕರ್ತನು ರಾತ್ರಿಯೆಲ್ಲಾ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ರೊಟ್ಟಿಯೊಡನೆ ಬಡಿಸಿದನು. ಕೆಲಸ ಮುಗಿಸಿ ಬಂದವರಿಗೆ ತಾನೇ ಅಡಿಗೆ ಮಾಡಿದ ಕರ್ತನು ಆತನು. ಹೀಗಿರಲಾಗಿ ಮೀನು ಮಾಂಸ ತಿನ್ನುವವನು ಅಶುದ್ಧನೆಂದು ಹೇಳುವುದಕ್ಕೆ ನಮಗೆ ಅಧಿಕಾರವಿಲ್ಲ. ರೋಮಾಪುರದ ಸಭೆಯಲ್ಲಿ ಎಲ್ಲವನ್ನೂ ತಿನ್ನುವವರೂ ಇದ್ದರು, ಪಲ್ಯ ಮಾತ್ರ ತಿನ್ನುವವರೂ ಇದ್ದರು. ಪೌಲನು ತನ್ನ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಎರಡು ಕಡೆಯವರನ್ನೂ ಎಚ್ಚರಿಸುತ್ತಾನೆ. ತಿನ್ನುವವನಿಗೆ ತಾತ್ಸಾರದ ರೋಗ, ತಿನ್ನದವನಿಗೆ ತೀರ್ಪು ಮಾಡುವ ರೋಗ. ಎರಡೂ ಸಭೆಯನ್ನು ಒಡೆಯುತ್ತವೆ.

ಈ ರೋಗ ನಮಗೆ ಗೊತ್ತಿಲ್ಲದ್ದಲ್ಲ. ಏನು ಬೇಯಿಸುತ್ತೀರಿ ಎಂಬ ಒಂದು ಪ್ರಶ್ನೆಯಿಂದ ನಮ್ಮ ಜಾತಿ ಅಳೆದು, ಬಾಡಿಗೆ ಮನೆ ಕೊಡದೆ ಕಳಿಸಿದ್ದನ್ನು ಪೇಟೆಗೆ ಹೋದ ನಮ್ಮ ಮಕ್ಕಳು ಅನುಭವಿಸಿದ್ದಾರೆ. ದನದ ಮಾಂಸ ತಿನ್ನುವವರೆಂದು ನೀರಿನ ಲೋಟವನ್ನು ಬೇರೆ ಇಟ್ಟದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆದುದರಿಂದ ಪ್ರಾಣಿಗಳ ಮೇಲಿನ ಕನಿಕರದಿಂದ ಮಾಂಸ ಬಿಟ್ಟ ಯೌವನಸ್ಥನಿಗೆ ನಾವು ಹೇಳುವುದಿಷ್ಟು: ತಮ್ಮಾ, ನಿನ್ನ ಕನಿಕರ ಒಳ್ಳೆಯದು, ಅದು ನಿನ್ನ ಪಕ್ಕದ ಮನೆಯ ಅಕ್ಕನ ತನಕ ಬರಲಿ. ಹಂದಿಗಾಗಿ ಮರುಗಿ ಮನುಷ್ಯನನ್ನು ಹೇಸಿದರೆ ಆ ಊಟ ಶುದ್ಧವಾಗುವುದಿಲ್ಲ. ಅವನನ್ನು ಹುಲ್ಲು ತಿನ್ನುವವನೆಂದು ಗೇಲಿ ಮಾಡುವವರಿಗೂ ಹೇಳುತ್ತೇವೆ: ಅವನು ಯಾರಿಗೂ ಕೇಡು ಮಾಡಲಿಲ್ಲ, ಅವನ ಪಾಡಿಗೆ ಅವನನ್ನು ಉಣ್ಣಗೊಡಿರಿ.

ಕೊನೆಯಲ್ಲಿ ನಮ್ಮ ಸಹವಾಸಕ್ಕೆ ಒಂದು ಸಲಹೆ. ಮುಂದಿನ ಸುಗ್ಗಿ ಹಬ್ಬದ ಕಾಲಕ್ಕೆ ನಮ್ಮಲ್ಲಿಯೂ ಇಂಥ ಸ್ನೇಹದ ಪಂದ್ಯವೊಂದನ್ನು ನಡೆಸೋಣ. ತೋಟದ ಕೆರೆಯಲ್ಲಿ ಈಜು ಬೇಡ. ತಣ್ಣೀರು, ಕೆಸರು, ಆಳ ತಿಳಿಯದ ಜಾಗ, ಜೀವಕ್ಕೆ ಅಪಾಯ. ನಡಿಗೆ, ಸೈಕಲ್, ಓಟ ಸಾಕು. ಒಂದೊಂದು ಮನೆಯಿಂದ ಮೂವರು: ಅಜ್ಜ ಅಜ್ಜಿಯರು ನಡೆಯಲಿ, ಹುಡುಗಿಯರು ಸೈಕಲ್ ತುಳಿಯಲಿ, ಅಪ್ಪಂದಿರು ಓಡಲಿ. ಹೊಟ್ಟೆಪಾಡಿಗೆ ದಿನವೂ ಬೆಟ್ಟ ಹತ್ತುವ ಕಾಲುಗಳು ಒಂದು ದಿನ ಸಂತೋಷಕ್ಕಾಗಿ ಓಡಲಿ. ಆಮೇಲೆ ಮುದ್ದೆ, ಅವರೆಕಾಳು ಸಾರು, ಸೊಪ್ಪಿನ ಪಲ್ಯ. ನಮ್ಮ ಹಿಂದೂ ನೆರೆಯವರೂ ಮುಸಲ್ಮಾನ ನೆರೆಯವರೂ ನಮ್ಮವರೂ ಒಂದೇ ಪಾತ್ರೆಯಿಂದ ಉಣ್ಣಬಹುದಾದ ಊಟವದು. ಅಡಿಗೆ ಮಾಡಿದವರು ಯಾರು ಎಂದು ಮಾತ್ರ ಯಾರೂ ಕೇಳಬಾರದು. ಕೇಳಿದರೆ ಅಷ್ಟು ಸೊಪ್ಪು ಕಾಳು ಬೇಯಿಸಿದ್ದೂ ವ್ಯರ್ಥ.

ಕೊನೆಯವರು ಬಂದು ಸೇರುವ ತನಕ ಬಡಿಸುವುದು ಬೇಡ. ಕತ್ತಲಾದರೆ ಟಾರ್ಚು ಹಿಡಿದು ಎದುರಿಗೆ ಹೋಗೋಣ. ಕರ್ತನು ನಮಗೆ ದಿನದಿನದ ಆಹಾರವನ್ನೂ, ಅದನ್ನು ಹಂಚಿಕೊಂಡು ಉಣ್ಣುವ ಮನಸ್ಸನ್ನೂ ಅನುಗ್ರಹಿಸಲಿ. ಆಮೆನ್.