ಬೆಂಚಿನಿಂದ ಅಂಕಣಕ್ಕೆ

ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಒಂದು ತಂಡದಿಂದ ಆಡುವವರು ಐವರೇ. ಉಳಿದವರು ಬೆಂಚಿನ ಮೇಲೆ ಕಾಯಬೇಕು. ಚೆಂಡೆಸೆತವನ್ನು ಅಭ್ಯಾಸದಿಂದ ಕಲಿಯಬಹುದು. ಆದರೆ ಎದುರಾಳಿ ಮೈಮೇಲೆ ಬಂದಾಗ ಯಾರಿಗೆ ಪಾಸ್ ಕೊಡಬೇಕೆಂಬ ತೀರ್ಮಾನ ಪಂದ್ಯದಲ್ಲೇ ಪಳಗಬೇಕು.

ಸರ್ಬಿಯಾದ ನಿಕೋಲಾ ಯೋಕಿಚ್ 2014ರ ಅಮೆರಿಕದ ಎನ್‌ಬಿಎ ಆಯ್ಕೆಯಲ್ಲಿ 41ನೆಯವರು. 2016ರ ಡಿಸೆಂಬರ್‌ನಲ್ಲಿ ಡೆನ್ವರ್ ತಂಡದ ತರಬೇತುದಾರ ಮೈಕೆಲ್ ಮಲೋನ್ 21 ವರ್ಷದ ಈ ಯುವಕನನ್ನು ಖಾಯಂ ಸೆಂಟರ್ ಮಾಡಿ, ತಂಡದ ಆಟವನ್ನೇ ಅವರ ಪಾಸ್‌ಗಳ ಸುತ್ತ ಕಟ್ಟಿದರು. 2021ರಲ್ಲಿ ಯೋಕಿಚ್ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು; 2023ರಲ್ಲಿ ಡೆನ್ವರ್ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಒಂದೇ ತಪ್ಪಿಗೆ ಹೊರಗೆ ಕರೆಸಿದರೆ, ಆಟಗಾರ ಮುಂದೆ ಹೆದರಿ ಹೆದರಿಯೇ ಆಡುತ್ತಾನೆ. ನಿಮ್ಮ ತಂಡ ಮುಂದಿರುವಾಗ, ಬೆಂಚಿನಲ್ಲಿರುವ ಗೆಳೆಯನನ್ನು ಐದು ನಿಮಿಷ ಆಡಿಸಿರೆಂದು ಮೇಷ್ಟ್ರನ್ನು ಕೇಳುವಿರಾ?